ಗೇರ್ ಬೇಕೋ, ಕ್ಯಾರಿಯರ್ ಬೇಕೋ?

ಪೀಣ್ಯ: ಬಸ್ಸಿಗೆ ಕಾದು ಕಾದು ಸಾಕಾಗಿ ‘ಒಂದು ಸೈಕಲ್ಲಾದರೂ ತಗೊಂಡುಬಿಡೋಣ’ ಎಂದುಕೊಳ್ಳುವವರು ಈ ಕಡೆ ಒಬ್ಬಿಬ್ಬರಲ್ಲ. ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ಚೊಕ್ಕಸಂದ್ರದಲ್ಲಿ ಮನೆ ಮಾಡಿಕೊಂಡವರಿಗೆ ಕಾರ್ಖಾನೆ ಎರಡು ಮೂರು ಕಿಲೋಮೀಟರು, ಹೆಚ್ಚೆಂದರೆ ಐದು. ನಡೆದರೆ ಕಾಲು ಸೋಲುತ್ತದೆ, ಆಟೋ ಹತ್ತಿದರೆ ಜೇಬು ಸೋಲುತ್ತದೆ. ಬಸ್ಸು ನಂಬಿ ತಡವಾದರೆ ಕೂಲಿಗೆ ಕತ್ತರಿ.

ಮೆಟ್ರೊ ಬಂದಿದೆಯಲ್ಲ ಎನ್ನಬಹುದು. ಬಂದಿದೆ, ಸಂತೋಷ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಬಂತು. ಆದರೆ ರೈಲು ನಿಲ್ದಾಣದವರೆಗೆ ಬಿಡುತ್ತದೆಯೇ ಹೊರತು ಫ್ಯಾಕ್ಟರಿ ಗೇಟಿನವರೆಗೆ ಬಿಡುವುದಿಲ್ಲ. ಮಿಕ್ಕ ದಾರಿಗೆ ಸೈಕಲ್ಲೇ ಗತಿ. ಹಾಗಾದರೆ ಯಾವ ಸೈಕಲ್?

ಲೆಕ್ಕ ಹಾಕಿ ನೋಡಿ

ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸಿನ ತಿಂಗಳ ಪಾಸು 2025ರ ಜನವರಿಯಲ್ಲಿ 1,050ರಿಂದ 1,200 ರೂಪಾಯಿಗೆ ಏರಿತು. ಐದು ತಿಂಗಳ ಪಾಸಿನ ಹಣ ಆರು ಸಾವಿರ. ಗೇರಿಲ್ಲದ ಸಾದಾ ಸೈಕಲ್ ಒಂದು ಹೆಚ್ಚುಕಡಿಮೆ ಇಷ್ಟಕ್ಕೇ ಸಿಗುತ್ತದೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಅವರ ಲೆಕ್ಕ ಬೇರೆ. ಆದರೂ ಸ್ಟಾಪಿನಿಂದ ಗಾರ್ಮೆಂಟ್ಸ್ ಗೇಟಿನವರೆಗೆ ನಡೆಯುವುದು ಅವರಿಗೂ ತಪ್ಪಿಲ್ಲ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಆರು ಸಾವಿರದ ಮಾಲಿಗೆ 420 ರೂಪಾಯಿ ಉಳಿತಾಯ. ಬಿಲ್ಲು ಕೇಳಿ ಪಡೆಯಿರಿ, ತೆರಿಗೆ ಎಷ್ಟು ಹಾಕಿದ್ದಾರೆ ಎಂದು ಕಣ್ಣಾಡಿಸಿ. ಬೀಗ, ಲೈಟು, ಕ್ಯಾರಿಯರ್‌ಗೆಂದು ಸಾವಿರ ಚಿಲ್ಲರೆ ಬೇರೆ ಎತ್ತಿಡಿ. ಇರೋ ದುಡ್ಡೆಲ್ಲ ಸೈಕಲ್ಲಿಗೇ ಸುರಿದು ಬೀಗಕ್ಕೆ ಇಲ್ಲ ಎಂದರೆ ಸೈಕಲ್ಲೂ ಇರುವುದಿಲ್ಲ.

ಅಳತೆ ಮೊದಲು, ಬಣ್ಣ ಆಮೇಲೆ

ಅಂಗಡಿಯವರು ಬಣ್ಣ ತೋರಿಸುತ್ತಾರೆ. ನೀವು ಅಳತೆ ನೋಡಿ. ಎರಡೂ ಕಾಲು ನೆಲಕ್ಕೂರಿ ನಿಂತಾಗ ನಡುವಿನ ಬಾರಿಗೂ ನಿಮಗೂ ಒಂದೆರಡು ಇಂಚು ಸಂದು ಇರಬೇಕು. ಸೀಟಿನ ಮೇಲೆ ಕೂತು ಪೆಡಲ್ಲು ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಾದರೆ ಆರು ತಿಂಗಳಲ್ಲಿ ಮಂಡಿ ದೂರು ಹೇಳುತ್ತದೆ. ಅಡ್ಡ ಬಾರಿಲ್ಲದ ಲೇಡೀಸ್ ಸೈಕಲ್ ಬಗ್ಗೆ ಗಂಡಸರಿಗೆ ನಾಚಿಕೆ ಬೇಡ. ಹಿಂದೆ ಮೂಟೆ ಕಟ್ಟಿಕೊಂಡು ಹತ್ತಿಳಿಯುವ ಅಂಗಡಿಯವರಿಗೆ ಅದೇ ಅನುಕೂಲ.

ಷೋಕಿಗೆ ಕೊಟ್ಟ ಕಾಸು

ಈಗಿನ ಹುಡುಗರ ಕಣ್ಣು ದಪ್ಪ ಟೈರು, ಮುಂದೆ ಷಾಕ್, ಎರಡೂ ಕಡೆ ಡಿಸ್ಕ್ ಬ್ರೇಕು, ಇಪ್ಪತ್ತೊಂದು ಗೇರಿನ ಮೇಲೆ. ದುಬಾರಿ ಸೈಕಲ್ಲಿನಲ್ಲಿ ಇವೆಲ್ಲ ಚೆನ್ನ. ಏಳೆಂಟು ಸಾವಿರಕ್ಕೆ ಇಷ್ಟೂ ಕೊಡುತ್ತೇನೆಂದರೆ ಒಂದೊಂದೂ ಅಗ್ಗದ ಮಾಲೇ ಆಗಿರಬೇಕಲ್ಲ! ಅಗ್ಗದ ಷಾಕ್ ಭಾರ ಹೆಚ್ಚಿಸುತ್ತದೆ, ನೀವು ತುಳಿದ ಬಲವನ್ನೂ ಒಂದಿಷ್ಟು ನುಂಗುತ್ತದೆ. ಪೀಣ್ಯದ ಧೂಳಿಗೆ ಅಗ್ಗದ ಗೇರು ಪದೇ ಪದೇ ಹದ ತಪ್ಪುತ್ತದೆ. ದಿನಾ ಹತ್ತು ಕಿಲೋಮೀಟರಿನ ಒಳಗೆ ಓಡಾಡುವವರಿಗೆ ಗೇರಿಲ್ಲದ್ದೇ ಸಾಕು. ದೊಡ್ಡ ಏರು ಇದ್ದರೆ ಮಾತ್ರ ಏಳು ಗೇರಿನದು ನೋಡಿ.

ಗೇರಿಗೆ ಕೊಡುವ ಹಣದಲ್ಲಿ ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡು, ಬೆಲ್ಲು ಹಾಕಿಸಿ. ಟಿಫನ್ ಡಬ್ಬಿ ಎಲ್ಲಿಡುತ್ತೀರಿ? ಮಳೆಯಲ್ಲಿ ಬೆನ್ನಿಗೆ ಬೀಳುವ ಕೆಸರು ಯಾರು ಒಗೆಯಬೇಕು?

1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿ.ಐ. ಸೈಕಲ್ಸ್‌ನ ಹರ್ಕ್ಯುಲಸ್, 1956ರಲ್ಲಿ ಲೂಧಿಯಾನದಲ್ಲಿ ಶುರುವಾದ ಹೀರೋ, ಇವುಗಳ ಹಳೇ ನಮೂನೆಯ 28 ಇಂಚು ಚಕ್ರದ ಕರೀ ಸೈಕಲ್ ಹಾಲಿನವರು, ಅಂಗಡಿಯವರ ಹತ್ತಿರ ಇನ್ನೂ ಕಾಣುತ್ತದೆ. ಭಾರ ಜಾಸ್ತಿ, ನಿಜ. ಆದರೆ ಮೂಟೆ ಹೊರಲು ಅದನ್ನು ಮೀರಿಸಿದ್ದಿಲ್ಲ. ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು. ಆದರೂ ಈ ಕರೀ ಸೈಕಲ್ಲುಗಳ ಅಳತೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಂದರ ಟೈರು ಟ್ಯೂಬು ಇನ್ನೊಂದಕ್ಕೆ ಆಗುತ್ತದೆ. ಕೊಳ್ಳುವ ಮುಂಚೆ ನಿಮ್ಮ ಬೀದಿಯ ಮೆಕ್ಯಾನಿಕ್ಕನ್ನು ಒಂದು ಮಾತು ಕೇಳಿ: ‘ಇದರ ಸಾಮಾನು ಇಟ್ಟಿದ್ದೀಯಾ?’ ಇಲ್ಲ ಎಂದರೆ ಆ ಸೈಕಲ್ ಬೇಡ.

ಮಳೆ ಮತ್ತು ಕಬ್ಬಿಣದ ಚೂರು

ಕಬ್ಬಿಣದ ರಿಮ್ಮು ಒದ್ದೆಯಾದರೆ ಬ್ರೇಕು ಹಿಡಿಯುವುದು ತಡ. ಅಲಾಯ್ ರಿಮ್ಮು ವಾಸಿ. ನೂರಿನ್ನೂರು ಹೆಚ್ಚಾದರೂ ಕೊಡಬಹುದು. ಮೆಷಿನ್ ಷಾಪುಗಳ ಮುಂದೆ ಲೇತ್‌ನಿಂದ ಬಿದ್ದ ಚೂರು ಟೈರಿಗೆ ಶತ್ರು. ಗಾಳಿ ಕಮ್ಮಿಯಿದ್ದರೆ ಪಂಕ್ಚರ್ ಇನ್ನೂ ಬೇಗ. ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ಚೈನಿಗೆ ಎಣ್ಣೆ, ಇಷ್ಟು ಮರೆಯಬೇಡಿ. ಸೆಕೆಂಡ್ ಷಿಫ್ಟಿನವರು ಹಿಂದೆ ಕೆಂಪು ದೀಪವಿಲ್ಲದೆ ತುಮಕೂರು ರಸ್ತೆಗೆ ಇಳಿಯಲೇಬೇಡಿ. ಲಾರಿಯವನಿಗೆ ನೀವು ಕಾಣಬೇಕು, ಸ್ವಾಮಿ.

ಹಳೇ ಸೈಕಲ್ ಕೊಳ್ಳುವವರಿಗೆ

ಅರ್ಧ ಬೆಲೆಗೆ ಸಿಗುತ್ತದೆ ಎಂದು ಬೀಳಬೇಡಿ. ಚಕ್ರ ಎತ್ತಿ ತಿರುಗಿಸಿ, ಓಲಾಡುತ್ತದೆಯೇ ನೋಡಿ. ಫ್ರೇಮಿನ ಬೆಸುಗೆಯ ಜಾಗದಲ್ಲಿ ಬಿರುಕಿದೆಯೇ ನೋಡಿ. ಪೆಡಲ್ಲಿನ ಕೈ ಹಿಡಿದು ಅಲ್ಲಾಡಿಸಿ. ಪೆಡಲ್ಲಿನ ಅಚ್ಚಿನ ಕೆಳಗೆ ಸಾಮಾನ್ಯವಾಗಿ ಫ್ರೇಮಿನ ನಂಬರು ಕೊರೆದಿರುತ್ತದೆ; ಅದನ್ನು ಅರದಿಂದ ಉಜ್ಜಿದ್ದರೆ ದೂರದಿಂದಲೇ ಕೈಮುಗಿಯಿರಿ. ಕದ್ದ ಮಾಲು ಕೊಂಡರೆ ಸೈಕಲ್ಲೂ ಹೋಯಿತು, ಠಾಣೆ ಅಲೆದಾಟವೂ ಬಂತು.

ನಿಲ್ಲಿಸುವುದೆಲ್ಲಿ?

ಹಿಂದೆ ಜಾಲಹಳ್ಳಿಯ ಎಚ್.ಎಂ.ಟಿ., ಬಿ.ಇ.ಎಲ್. ಗೇಟುಗಳಲ್ಲಿ ಸೈರನ್ ಕೂಗಿದರೆ ಸೈಕಲ್ಲುಗಳ ಪ್ರವಾಹವೇ ಹೊರಡುತ್ತಿತ್ತು. ಅಲ್ಲಿ ಸೈಕಲ್ ಸ್ಟ್ಯಾಂಡು ಇತ್ತು, ಕಾವಲೂ ಇತ್ತು. ಇಂದಿನ ಸಣ್ಣ ಷೆಡ್ಡುಗಳಲ್ಲಿ ಮಾಲೀಕರ ಕಾರಿಗೆ ನೆರಳುಂಟು, ಸೈಕಲ್ಲಿಗೆ ಗೋಡೆಯೂ ಇಲ್ಲ. ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ ದಾರಿ ಮಾಡಿದರು. ಕಂಬಗಳು ಮುರಿದು ಮಾಯವಾದವು. ರಸ್ತೆ ಸರ್ಕಾರದ ಕೆಲಸ, ಇರಲಿ. ಗೇಟಿನೊಳಗೆ ಒಂದು ತಗಡಿನ ಚಪ್ಪರ, ಸೈಕಲ್ ಕಟ್ಟಿಹಾಕಲು ಒಂದು ಕಬ್ಬಿಣದ ಪೈಪು ಹಾಕಿಸುವುದು ಮಾಲೀಕರ ಕೈಯಲ್ಲೇ ಇದೆ. ಆಳು ಹೊತ್ತಿಗೆ ಸರಿಯಾಗಿ ಬಂದರೆ ಲಾಭ ಅವರಿಗೂ ಉಂಟಲ್ಲ?