ಜೈವಿಕ ಗಡಿಯಾರ ಮತ್ತು ಮಾನವ ವರ್ತನೆ

ಜೈವಿಕ ಗಡಿಯಾರ ಎಂದರೆ ನಿದ್ರೆ, ಎಚ್ಚರ, ಹಸಿವು, ದೇಹದ ಉಷ್ಣತೆ ಮೊದಲಾದವುಗಳನ್ನು ಸುಮಾರು 24 ಗಂಟೆಗಳ ಲಯದಲ್ಲಿ ನಡೆಸುವ ಆಂತರಿಕ ವ್ಯವಸ್ಥೆ. ಮಾನವರಲ್ಲಿ ಇದರ ಮುಖ್ಯ ಕೇಂದ್ರವು ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿದೆ. ಕಣ್ಣಿನ ಮೂಲಕ ತಲುಪುವ ಬೆಳಕು ಇದನ್ನು ಪ್ರತಿದಿನವೂ ಹೊರಗಿನ ಹಗಲಿರುಳಿಗೆ ಹೊಂದಿಸುತ್ತದೆ.

ವ್ಯಕ್ತಿಗಳ ನಡುವಿನ ವ್ಯತ್ಯಾಸ

ಈ ಗಡಿಯಾರವು ಎಲ್ಲರಲ್ಲಿಯೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಕೆಲವರು ನಸುಕಿನಲ್ಲಿಯೇ ಚುರುಕಾಗಿರುತ್ತಾರೆ. ಇನ್ನು ಕೆಲವರಿಗೆ ರಾತ್ರಿ ಕಳೆದಂತೆ ಉತ್ಸಾಹ ಹೆಚ್ಚುತ್ತದೆ. ಈ ಸಹಜ ಒಲವನ್ನು ಕ್ರೊನೊಟೈಪ್ ಎನ್ನುತ್ತಾರೆ. ಇದಕ್ಕೆ ಆನುವಂಶಿಕ ಆಧಾರವಿದೆ. 1971ರಲ್ಲಿ ಕೊನೊಪ್ಕಾ ಮತ್ತು ಬೆಂಜರ್ ಹಣ್ಣಿನ ನೊಣಗಳಲ್ಲಿ 'ಪೀರಿಯಡ್' ಎಂಬ ಜೀನನ್ನು ಗುರುತಿಸಿದರು. ಅದರ ಒಂದು ರೂಪಾಂತರವಿದ್ದ ನೊಣಗಳ ದಿನ 19 ಗಂಟೆಗಿಳಿದರೆ, ಇನ್ನೊಂದರಲ್ಲಿ 28 ಗಂಟೆಗೇರಿತು. 2001ರಲ್ಲಿ ಸಂಜೆಯೇ ನಿದ್ರೆ ಬಂದು ನಸುಕಿಗೂ ಮೊದಲೇ ಎಚ್ಚರವಾಗುವ ಒಂದು ಕುಟುಂಬದಲ್ಲಿ ಇದರ ಸಂಬಂಧಿ ಜೀನಿನ ವ್ಯತ್ಯಾಸ ಕಂಡುಬಂದಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮಾ ಅವರ ತಂಡವು ಬೆಳಿಗ್ಗೆ ಮತ್ತು ಸಂಜೆ ಕೋಶದಿಂದ ಹೊರಬರುವ ನೊಣಗಳನ್ನು ಬೇರೆಬೇರೆಯಾಗಿ ತಲೆಮಾರುಗಳವರೆಗೆ ಆಯ್ದು ಬೆಳೆಸಿತು. ಬೆಳಗಿನ ಪೀಳಿಗೆಯ ಗಡಿಯಾರ ಸಂಜೆಯದಕ್ಕಿಂತ ವೇಗವಾಗಿ ನಡೆಯುವುದು ಕಂಡುಬಂದಿತು.

ಆದರೆ ಜೀನು ಒಂದೇ ಕಾರಣವಲ್ಲ. ಹದಿಹರೆಯದಲ್ಲಿ ನಿದ್ರೆಯ ಸಮಯ ಸಾಮಾನ್ಯವಾಗಿ ತಡವಾಗುತ್ತದೆ, ವೃದ್ಧಾಪ್ಯದಲ್ಲಿ ಮತ್ತೆ ಮುಂಚಿತವಾಗುತ್ತದೆ. ತಡವಾಗಿ ಏಳುವ ವಿದ್ಯಾರ್ಥಿಯನ್ನು ಸೋಮಾರಿಯೆಂದು ಬಯ್ಯುವವರು ಗಮನಿಸಬೇಕಾದ ಅಂಶವಿದು.

ಪಾಳಿ ಕೆಲಸ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಉರಿಯುತ್ತಿರುವ ಊದುಕುಲುಮೆಯನ್ನು ರಾತ್ರಿಗೆಂದು ಆರಿಸಲಾಗದು. ಆದುದರಿಂದ ಇಂಥ ಕಾರ್ಖಾನೆಗಳಲ್ಲಿ ಪಾಳಿ ಅನಿವಾರ್ಯ. ರಾತ್ರಿ ಪಾಳಿಯ ಕಾರ್ಮಿಕನು ದೇಹವು ನಿದ್ರೆಗೆ ಸಿದ್ಧವಾಗುವ ಹೊತ್ತಿಗೆ ಕೆಲಸ ಮಾಡಿ, ಹಗಲಿನ ಬೆಳಕು ಗದ್ದಲಗಳ ನಡುವೆ ಮಲಗುತ್ತಾನೆ. ವಾರಕ್ಕೊಮ್ಮೆ ಪಾಳಿ ಬದಲಾದರೆ ಗಡಿಯಾರ ಹೊಂದಿಕೊಳ್ಳುವ ಮೊದಲೇ ವೇಳೆ ಪುನಃ ಬದಲಾಗಿರುತ್ತದೆ. ಬೆಳಗಿನ ಪ್ರಕೃತಿಯವರಿಗೆ ರಾತ್ರಿ ಪಾಳಿ, ರಾತ್ರಿಯ ಪ್ರಕೃತಿಯವರಿಗೆ ನಸುಕಿನ ಪಾಳಿ ಹೆಚ್ಚು ಕಷ್ಟವೆನಿಸುತ್ತದೆ. ಇದರಿಂದ ಉಂಟಾಗುವ ತೂಕಡಿಕೆ, ಸಿಡುಕು ಮತ್ತು ಮರೆವುಗಳನ್ನು ಸ್ವಭಾವದೋಷವೆಂದು ಭಾವಿಸುವುದು ಸರಿಯಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ ಲಯಭಂಗ ಉಂಟುಮಾಡುವ ಪಾಳಿ ಕೆಲಸವನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗುವ ಸಂಗತಿಗಳ ಗುಂಪಿಗೆ ಸೇರಿಸಿತು.

ಗಡಿಯಾರದ ಆಣ್ವಿಕ ರಚನೆಯನ್ನು ವಿವರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.