ಗಾಯ ಮಾಯಲು ಎಷ್ಟು ದಿನ?

ದಸರಾ ರಜೆಯ ಒಂದು ಮಧ್ಯಾಹ್ನ ನಮ್ಮ ಮನೆಯ ಹಜಾರದಲ್ಲಿ ದೊಡ್ಡ ಜಗಳ. ಕತ್ತಿಯೇಟು ತಿಂದ ಯೋಧನೊಬ್ಬ ಒಂದು ರಾತ್ರಿ ಮಲಗಿ ಎದ್ದರೆ ಪೂರ್ತಿ ಗುಣವಾಗುತ್ತಾನೋ ಇಲ್ಲವೋ? ಹದಿನಾಲ್ಕರ ಮೊಮ್ಮಗ ‘ಸಾಧ್ಯವೇ ಇಲ್ಲ’ ಅಂದ. ಹನ್ನೊಂದರ ಮೊಮ್ಮಗಳು ‘ಪುಸ್ತಕದಲ್ಲೇ ಹಾಗಿದೆ’ ಅಂದಳು. ಒಳಗಿನಿಂದ ಅವರ ಅಜ್ಜಿ, ‘ಜ್ವರ ಬಿಟ್ಟ ಮಗೂನೇ ಮೂರು ದಿನ ಸ್ಕೂಲಿಗೆ ಕಳಿಸಲ್ಲ, ಕತ್ತಿ ಏಟು ತಿಂದವನು ಬೆಳಗ್ಗೆ ಎದ್ದು ಓಡ್ತಾನಾ?’ ಎಂದು ಕೇಳಿದಳು. ಜಗಳ ಇನ್ನೂ ಜೋರಾಯಿತು.

ಅವರು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದ ಆಟ. ಒಬ್ಬರು ಕಥೆ ಹೇಳುತ್ತಾರೆ: ‘ಗುಹೆಯೊಳಗೆ ಕತ್ತಲೆ, ಏನೋ ಉಸಿರಾಡುವ ಸದ್ದು.’ ಉಳಿದವರು ಒಬ್ಬೊಬ್ಬ ವೀರನ ಪಾತ್ರ ವಹಿಸಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಗೆದ್ದರೋ ಸೋತರೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಥೆ ಹೇಳುವವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ನಮ್ಮ ಮನೆಯಲ್ಲಿ ಆ ಪಟ್ಟ ಮೊಮ್ಮಗನದು.

ಚೌಕಾಬಾರದಲ್ಲಿ ಕಾಯಿಗೆ ಗಾಯವಾಗುವುದಿಲ್ಲ. ಹೊಡೆದರೆ ಸೀದಾ ಮನೆಗೆ, ಮತ್ತೆ ಮೊದಲಿನಿಂದ. ಈ ಆಟ ಹುಟ್ಟಿದ ಹಳೆಯ ಯುದ್ಧದಾಟಗಳಲ್ಲೂ ಸಿಪಾಯಿಗೆ ಒಂದೇಟು ಬಿದ್ದರೆ ಅವನ ಕಥೆ ಮುಗಿಯಿತು. ಆದರೆ ಇಡೀ ಪಡೆಯ ಬದಲು ಹೆಸರಿಟ್ಟ ಒಬ್ಬನೇ ವೀರನನ್ನು ಆಡಿಸತೊಡಗಿದಾಗ, ಅವನು ಒಂದೇ ಏಟಿಗೆ ಸಾಯುವುದು ಆಟಗಾರರಿಗೆ ಸಹಿಸಲಿಲ್ಲ. ಆಗ ಆರ್ನೆಸನ್ ಹಡಗು ಯುದ್ಧದ ಆಟವೊಂದರಿಂದ ಉಪಾಯ ತಂದರು. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ, ಇಷ್ಟು ಪೆಟ್ಟು ತಡೆಯುತ್ತದೆ ಎಂದು ಅಂಕಿ ಇರುತ್ತದಲ್ಲ, ಆ ಅಂಕಿಯನ್ನೇ ಮನುಷ್ಯನಿಗೂ ಕೊಟ್ಟರು. ಅದೇ ಹಿಟ್ ಪಾಯಿಂಟ್.

ಅಂಕಿ ಕಳೆಯುವುದು ಸುಲಭ. ಕೂಡುವುದು ಹೇಗೆ?

1970ರ ದಶಕದ ಕೊನೆಯಲ್ಲಿ ಬಂದ ನಿಯಮಗಳಲ್ಲಿ ಒಂದು ದಿನದ ವಿಶ್ರಾಂತಿಗೆ ಒಂದೇ ಪಾಯಿಂಟ್. ಎಂಟು ಇದ್ದವನಿಗೆ ಒಂದು ಉಳಿದಿದ್ದರೆ ಏಳು ದಿನ ಮಲಗಬೇಕು. ಇದರಲ್ಲೊಂದು ತಮಾಷೆಯಿದೆ, ಮಕ್ಕಳೇ. ಅರವತ್ತು ಪಾಯಿಂಟಿನ ಮಹಾವೀರ ಅದೇ ಲೆಕ್ಕದಲ್ಲಿ ಎರಡು ತಿಂಗಳು ಹಾಸಿಗೆ ಹಿಡಿಯಬೇಕು! ಅದಕ್ಕೇ ನಾಲ್ಕು ವಾರ ಬಿಡದೆ ಮಲಗಿದರೆ ಯಾರಾದರೂ ಪೂರ್ತಿ ಗುಣ ಎಂದು ಇನ್ನೊಂದು ನಿಯಮ ಸೇರಿಸಿದ್ದರು.

ಮೊಮ್ಮಗನಿಗೆ ಈ ಹಳೆಯ ಬಗೆ ಇಷ್ಟ. ಅವನ ವಾದ ಸುಳ್ಳಲ್ಲ. ವಾರಗಟ್ಟಲೆ ಮಲಗಬೇಕೆಂದರೆ ಛತ್ರಕ್ಕೆ ದುಡ್ಡು ಬೇಕು, ಬುತ್ತಿ ಖಾಲಿಯಾಗುತ್ತದೆ, ಅಷ್ಟರಲ್ಲಿ ಗುಹೆಗೆ ಹೊಸ ರಾಕ್ಷಸರು ಬಂದು ಸೇರುತ್ತಾರೆ. ಒಳಗೆ ನುಗ್ಗುವ ಮುಂಚೆ ಹತ್ತು ಸಲ ಯೋಚಿಸಬೇಕು. ನನಗಂತೂ ಅವನ ಮಾತು ಕೇಳಿ ಸಂಜೀವಿನಿ ನೆನಪಾಯಿತು. ಲಕ್ಷ್ಮಣ ರಾತ್ರಿ ನಿದ್ದೆ ಮಾಡಿ ತಾನೇ ಎದ್ದುಬಿಟ್ಟಿದ್ದರೆ ಹನುಮಂತ ಬೆಟ್ಟ ಹೊರುವ ಪ್ರಸಂಗವೇ ಬರುತ್ತಿರಲಿಲ್ಲ.

ಆದರೆ ನಿಯಮಗಳು ವರ್ಷದಿಂದ ವರ್ಷಕ್ಕೆ ಮೆತ್ತಗಾದವು. 2014ರ ಪುಸ್ತಕದ ಪ್ರಕಾರ ಎಂಟು ಗಂಟೆ ವಿಶ್ರಾಂತಿ ಸಿಕ್ಕರೆ ಎಲ್ಲ ಪಾಯಿಂಟೂ ವಾಪಸ್. ಇದು ಮೋಸ ಅನ್ನಿಸಬಹುದು. ಆದರೆ ಗೈಗ್ಯಾಕ್ಸ್ ಹಿಂದೆಯೇ ಒಂದು ಮಾತು ಸ್ಪಷ್ಟಪಡಿಸಿದ್ದರು: ಹಿಟ್ ಪಾಯಿಂಟ್ ಎಂದರೆ ಬರೀ ರಕ್ತ ಮಾಂಸವಲ್ಲ, ಏಟು ತಪ್ಪಿಸಿಕೊಳ್ಳುವ ಚಾಕಚಕ್ಯತೆ, ಅದೃಷ್ಟ ಎಲ್ಲ ಅದರಲ್ಲಿ ಸೇರಿದೆ. ಹಾಗಾದರೆ ಕಳೆದುಕೊಂಡದ್ದರಲ್ಲಿ ಬಹುಪಾಲು ಸುಸ್ತು. ಸುಸ್ತು ರಾತ್ರಿ ನಿದ್ದೆಯಲ್ಲಿ ಹೋಗುತ್ತದೆ. ಕಥೆ ಮುಂದೆ ಓಡಬೇಕು, ದಿನಾ ಹೊಸ ಸಾಹಸ ಬೇಕು ಎನ್ನುವವರಿಗೆ ಇದೇ ಸರಿ. ಎರಡು ಬಗೆಯ ಆಟಗಾರರೂ ಇದ್ದಾರೆಂದು ಪುಸ್ತಕ ಬರೆದವರಿಗೂ ಗೊತ್ತು. ಡಂಜನ್ ಮಾಸ್ಟರ್‌ಗೆಂದೇ ಬರೆದ 2014ರ ಕೈಪಿಡಿಯಲ್ಲಿ, ಬೇಕಿದ್ದವರು ಆ ಎಂಟು ಗಂಟೆಯನ್ನು ಏಳು ದಿನ ಮಾಡಿಕೊಳ್ಳಬಹುದು, ಇಲ್ಲವೇ ಒಂದೇ ಗಂಟೆಗೆ ಇಳಿಸಬಹುದು ಎಂದಿದೆ.

ಮೊಮ್ಮಗ ಏಳು ದಿನವನ್ನು ಆರಿಸಿದ್ದ. ಜಗಳದ ನಿಜವಾದ ಬೇರು ಅಲ್ಲಿತ್ತು.

ಮೊಮ್ಮಗಳದು ಕ್ಲೆರಿಕ್ ಪಾತ್ರ, ಅಂದರೆ ದೇವರ ಕೃಪೆಯಿಂದ ಗಾಯ ವಾಸಿಮಾಡುವವಳು. ಬೇರೆ ಯಾರೂ ಆ ಪಾತ್ರ ಒಪ್ಪಲಿಲ್ಲ, ಎಲ್ಲರಿಗೂ ಕತ್ತಿಯೇ ಬೇಕು, ಚಿಕ್ಕವಳೆಂದು ಇವಳ ತಲೆಗೆ ಕಟ್ಟಿದ್ದರು. (ಮೊಟ್ಟಮೊದಲ ಕ್ಲೆರಿಕ್ ಹುಟ್ಟಿದ್ದು ಶುಶ್ರೂಷೆಗಲ್ಲ. ಆರ್ನೆಸನ್ ಬಳಗದಲ್ಲಿ ರಕ್ತ ಹೀರುವ ಪಿಶಾಚಿಯ ಪಾತ್ರ ಹಿಡಿದ ಆಟಗಾರನೊಬ್ಬನನ್ನು ತಡೆಯಲು! 1974ರ ನಿಯಮದಲ್ಲಿ ಹೊಸ ಕ್ಲೆರಿಕ್‌ಗೆ ಒಂದು ಮಂತ್ರವೂ ಬರುತ್ತಿರಲಿಲ್ಲ.) ಅವಳದು ಮೂರನೇ ಹಂತದ ಕ್ಲೆರಿಕ್. ಚಿಲ್ಲರೆ ಮಂತ್ರ ಬಿಟ್ಟರೆ ಆರು ಸಲ ಮಂತ್ರ ಹಾಕಬಹುದು, ಆಮೇಲೆ ದೀರ್ಘ ವಿಶ್ರಾಂತಿ ಆಗುವವರೆಗೂ ಕೈ ಖಾಲಿ. ವಿಶ್ರಾಂತಿ ಏಳು ದಿನವಾದರೆ ಆ ಆರೂ ವಾರಕ್ಕೊಮ್ಮೆ. ಅಣ್ಣಂದಿರೆಲ್ಲ ಗಾಯಗೊಂಡು ‘ನನಗೆ, ನನಗೆ’ ಅನ್ನುತ್ತಾರೆ, ಆರೂ ಅವರಿಗೇ ಮುಗಿಯುತ್ತದೆ. ‘ತಾತಾ, ಮೂರು ದಿನದಿಂದ ನಾನು ಒಂದು ರಾಕ್ಷಸನ್ನೂ ಹೊಡೆದಿಲ್ಲ’ ಎಂದಾಗ ಅವಳ ಕಣ್ಣಲ್ಲಿ ನೀರಿತ್ತು.

ನಿಧಾನ ಗುಣವಾದರೆ ಆಟ ಗಂಭೀರವಾಗುತ್ತದೆ ಅಂದವನಿಗೆ, ಆ ಗಾಂಭೀರ್ಯದ ಬೆಲೆಯನ್ನೆಲ್ಲ ತಂಗಿಯೇ ತೆರುತ್ತಿದ್ದಾಳೆ ಎಂಬುದು ಹೊಳೆದಿರಲಿಲ್ಲ. ಹೇಳಿದ ಮೇಲೆ ಸುಮ್ಮನೆ ದಾಳ ಉರುಳಿಸುತ್ತಾ ಕೂತ.

ಬದಲಾದ ನಿಯಮವನ್ನು ಅವನೇ ಪಾಟಿಯ ಮೇಲೆ ಬರೆದ. ಕಾಡಿನಲ್ಲಿ ರಾತ್ರಿ ಮಲಗಿದರೆ ಅರ್ಧ ಗುಣ, ಪೂರ್ತಿ ಗುಣ ಊರಿಗೆ ಬಂದ ಮೇಲೆ. ಮಂತ್ರಗಳು ಮಾತ್ರ ದಿನಾ ಬೆಳಗ್ಗೆ ವಾಪಸ್. ಮುಂದೆ ನುಗ್ಗುವವರು ತಮ್ಮ ಔಷಧದ ಸೀಸೆಯನ್ನು ತಾವೇ ಕೊಳ್ಳಬೇಕು. ಪುಸ್ತಕದಲ್ಲಿ ಒಂದು ಸೀಸೆಗೆ 50 ಚಿನ್ನದ ನಾಣ್ಯ, ಕತ್ತಿಯವರೆಲ್ಲ ಗೊಣಗಿದರು. ಮರುದಿನದ ಆಟದಲ್ಲಿ ಗುಹೆಯ ಬಾಗಿಲಿಗೆ ಮೊದಲು ಹೋದವಳು ಕ್ಲೆರಿಕ್. ದಾಳದಲ್ಲಿ ಹದಿನೆಂಟು ಬಿತ್ತು. ಅವಳ ಕೂಗಿಗೆ ಅಜ್ಜಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದಳು.