ಒಂದು ಯೂನಿಟ್ಟಿನ ಪಾಠ

ಹವಾಮಾನ ಬದಲಾವಣೆ ವಿಜ್ಞಾನದ ಪುಸ್ತಕದಲ್ಲಿದೆ. ಸಬ್ಸಿಡಿ, ಬೆಲೆ, ಬಜೆಟ್ಟು ಸಮಾಜ ವಿಜ್ಞಾನದ ಪಾಲು. ವಿದ್ಯುತ್ತಿನ ಲೆಕ್ಕ ಭೌತವಿಜ್ಞಾನದ ಕೊನೆಯಲ್ಲೆಲ್ಲೋ ಬರುತ್ತದೆ. ಮೂರಕ್ಕೂ ಬೇರೆ ಬೇರೆ ಪೀರಿಯಡ್ಡು, ಬೇರೆ ಬೇರೆ ಗುರುಗಳು. ಇದು ಸಾಲದೆಂಬಂತೆ ಎನ್‌ಸಿಇಆರ್‌ಟಿ ಪುಸ್ತಕದ ಹೊರೆ ಇಳಿಸುವಾಗ 10ನೇ ತರಗತಿಯ ವಿಜ್ಞಾನದಿಂದ ಶಕ್ತಿಯ ಆಕರಗಳ ಅಧ್ಯಾಯವನ್ನೇ ತೆಗೆದುಹಾಕಿತು. ಪರಿಸರದ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದ್ದ ದೇಶವಿದು.

ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಾಲೆಗಳಿಗೆ ಈ ಮೂರೂ ವಿಷಯ ಸೇರುವ ಪಾಠ ಊರ ಸುತ್ತಲೇ ಇದೆ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಎಲ್ಲೆಯೊಳಗೇ ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುತ್ ಕೇಂದ್ರವೂ ಕೂಡಗಿಯ 2,400 ಮೆಗಾವಾಟ್ ಕಲ್ಲಿದ್ದಲು ಸ್ಥಾವರವೂ ಇವೆ. ಒಂದು ನೀರಿನಿಂದ, ಇನ್ನೊಂದು ಬೆಂಕಿಯಿಂದ ಕರೆಂಟು ಮಾಡುತ್ತದೆ. ಇಂಥ ಜೋಡಿ ಕೈಯಳತೆಯಲ್ಲಿರುವ ಮಕ್ಕಳು ನಾಡಿನಲ್ಲಿ ಹೆಚ್ಚಿಲ್ಲ.

ಈ ಪಾಠಕ್ಕೆ ಬೇಕಾದ ಮೊದಲ ಸಾಮಗ್ರಿ ಮನೆಗೆ ಬರುವ ಹೆಸ್ಕಾಂ ವಿದ್ಯುತ್ ಬಿಲ್ಲು. ಇಂದಿನ ರೀಡಿಂಗ್‌ನಿಂದ ಹಿಂದಿನ ರೀಡಿಂಗ್ ಕಳೆದರೆ ಬಳಸಿದ ಯೂನಿಟ್ಟು ಸಿಗುತ್ತದೆ. ಒಂದು ಯೂನಿಟ್ಟೆಂದರೆ ಸಾವಿರ ವಾಟ್ ಒಂದು ತಾಸು, ಅಂದರೆ 36 ಲಕ್ಷ ಜೂಲ್. ಇಷ್ಟು ಶಕ್ತಿ ಆಲಮಟ್ಟಿಯಲ್ಲಿ ಹುಟ್ಟಲು ಎಷ್ಟು ನೀರು ಬೀಳಬೇಕು? ಆಲಮಟ್ಟಿಯ ತುಂಬುಮಟ್ಟ 519.60 ಮೀಟರ್. ಕೆಳಗಿನ ನಾರಾಯಣಪುರ ಜಲಾಶಯದ್ದು 492.25. ಅಂತರ 27 ಮೀಟರಿಗೆ ತುಸು ಹೆಚ್ಚು. ಎರಡೂ ತುಂಬಿರುವಾಗ ನೀರು ಹೆಚ್ಚುಕಡಿಮೆ ಇಷ್ಟೇ ಎತ್ತರದಿಂದ ಬೀಳುತ್ತದೆಂದು ಹಿಡಿಯೋಣ. ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ, ಯಂತ್ರದಲ್ಲಿ ನೂರಕ್ಕೆ ಹತ್ತು ಪಾಲು ಸೋರುತ್ತದೆಂದು ಬಿಟ್ಟರೆ ಉತ್ತರ ಸುಮಾರು 15 ಸಾವಿರ ಲೀಟರ್. ಬೇಸಿಗೆಯಲ್ಲಿ ಊರಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರ್ ಮೂರು ತುಂಬಿದಷ್ಟು ನೀರು, ಒಂದೇ ಒಂದು ಯೂನಿಟ್ಟಿಗೆ.

ಅದೇ ಯೂನಿಟ್ಟಿಗೆ ಕೂಡಗಿಯಲ್ಲಿ ಬೇಕಾಗುವುದು ಸುಮಾರು 600 ಗ್ರಾಂ ಕಲ್ಲಿದ್ದಲು. ಕಲ್ಲಿದ್ದಲನ್ನು ಜಗತ್ತು ಸುಲಭವಾಗಿ ಬಿಡದೇ ಇರುವುದಕ್ಕೆ ಕಾರಣ ಈ ಎರಡು ಸಂಖ್ಯೆಗಳಲ್ಲೇ ಇದೆ. ಭಾಷಣ ಬೇಕಿಲ್ಲ.

ಮುಂದಿನ ಲೆಕ್ಕ ರಸಾಯನಶಾಸ್ತ್ರದ್ದು. 600 ಗ್ರಾಂ ಕಲ್ಲಿದ್ದಲು ಸುಟ್ಟರೆ ಸುಮಾರು 900 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಸುಟ್ಟದ್ದಕ್ಕಿಂತ ಹೊಗೆಯೇ ಭಾರವೇ ಎಂದು ಪ್ರತಿ ಮಗುವೂ ಕೇಳಬೇಕಾದ ಪ್ರಶ್ನೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯೇ ಬಹಳ, ಇಂಗಾಲ ನೂರಕ್ಕೆ ಸುಮಾರು ನಲವತ್ತು. ಆದರೆ 12 ಗ್ರಾಂ ಇಂಗಾಲ ಗಾಳಿಯಿಂದ 32 ಗ್ರಾಂ ಆಮ್ಲಜನಕ ಎಳೆದುಕೊಂಡು 44 ಗ್ರಾಂ ಅನಿಲವಾಗುತ್ತದೆ. ಹೆಚ್ಚಿದ ತೂಕ ಗಾಳಿಯದು. ಮನೆಯ ಬಿಲ್ಲಿನಲ್ಲಿ ತಿಂಗಳಿಗೆ 60 ಯೂನಿಟ್ಟಿದ್ದು, ಅಷ್ಟೂ ಕೂಡಗಿಯದೇ ಎಂದುಕೊಂಡರೆ 36 ಕಿಲೋ ಕಲ್ಲಿದ್ದಲು, 54 ಕಿಲೋ ಅನಿಲ. ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನ ಓಡಿದರೆ 35 ಸಾವಿರ ಟನ್ ಆಸುಪಾಸು ಕಲ್ಲಿದ್ದಲು ಬೇಕು. ಅದು ಎಂಟೊಂಬತ್ತು ಗೂಡ್ಸ್ ರೈಲಿನ ಸರಕು.

ಇನ್ನು ಅರ್ಥಶಾಸ್ತ್ರ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ 2023ರಲ್ಲಿ ಬಂದ ಮೇಲೆ ಬಹಳ ಮನೆಗಳ ಬಿಲ್ಲಿನ ಕೊನೆಯ ಸಾಲಿನಲ್ಲಿ ಸೊನ್ನೆ. ಮಗುವಿಗೆ ಕರೆಂಟು ಪುಕ್ಕಟೆ ಎನಿಸುತ್ತದೆ. ಯೂನಿಟ್ಟು ಸೊನ್ನೆಯಾಗಿಲ್ಲವಲ್ಲ, ಹಣ ಕೊಟ್ಟವರು ಯಾರು ಎಂದು ಕೇಳಿದರೆ ತೆರಿಗೆ, ಸಬ್ಸಿಡಿ, ಬಜೆಟ್ಟು ತಾವಾಗಿಯೇ ಬರುತ್ತವೆ. ಯೋಜನೆ ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ಗುರುಗಳ ಕೆಲಸವಲ್ಲ. ಎರಡೂ ಕಡೆಯ ಲೆಕ್ಕ ಹಲಗೆಯ ಮೇಲೆ ಬರಬೇಕು, ಅಷ್ಟೆ. ಬಿಲ್ಲಿನಲ್ಲಿ ಕಾಣದ ವೆಚ್ಚಗಳೂ ಇವೆ: ಹಾರುಬೂದಿ, ಸ್ಥಾವರ ಕುಡಿಯುವ ಕೃಷ್ಣೆಯ ನೀರು, ಹೋದ ಹೊಲ. 2014ರ ಜುಲೈನಲ್ಲಿ ಕೂಡಗಿಯಲ್ಲಿ ಪ್ರತಿಭಟನೆಗಿಳಿದ ರೈತರ ಮೇಲೆ ಗೋಲಿಬಾರ್ ಆಗಿತ್ತು. ಅದನ್ನು ಬಿಟ್ಟು ಇಲ್ಲಿ ಶಕ್ತಿಯ ಪಾಠ ಮಾಡುವುದು ಅಪ್ರಾಮಾಣಿಕ.

ಇದೇ ನೆಲದಲ್ಲಿ ತಿರುಗುಮುರುಗು ಲೆಕ್ಕವೂ ಇದೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿ ಯೋಜನೆಗಳು ಆಲಮಟ್ಟಿಯ ಹಿನ್ನೀರನ್ನು ಪಂಪಿನಿಂದ ಮೇಲೆತ್ತುತ್ತವೆ. ಮೂರು ಟ್ಯಾಂಕರ್ ನೀರು 27 ಮೀಟರ್ ಬಿದ್ದು ಒಂದು ಯೂನಿಟ್ಟು ಕೊಟ್ಟರೆ, ಅದೇ ನೀರನ್ನು ಅಷ್ಟೇ ಎತ್ತರಕ್ಕೆ ಏರಿಸಲು ಒಂದೂವರೆ ಯೂನಿಟ್ಟು ಬೇಕು. ಪಂಪು, ಪೈಪು ತಮ್ಮ ಪಾಲು ತಿನ್ನುತ್ತವೆ. ಹಾಗಿದ್ದರೂ ಏರಿಸುವುದೇಕೆ? ಒಣಗಿದ ಕೆರೆ ತುಂಬಿ, ಬೋರಿಗೆ ನೀರು ಬಂದು, ಲಿಂಬೆ ಗಿಡ ಉಳಿದರೆ ಅದರ ಬೆಲೆ ಒಂದೂವರೆ ಯೂನಿಟ್ಟಿಗಿಂತ ಹೆಚ್ಚು ಎಂಬ ಲೆಕ್ಕದ ಮೇಲೆ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ, ಲಿಂಬೆ ಅಭಿವೃದ್ಧಿ ಮಂಡಳಿಯೂ ಅಲ್ಲೇ ಇದೆ. ತೋಟವಿರುವ ಮನೆಯ ಮಕ್ಕಳು ಈ ಲೆಕ್ಕವನ್ನು ಗುರುಗಳಿಗಿಂತ ಚೆನ್ನಾಗಿ ಹೇಳಿಯಾರು.

ಈ ನೀರೆಲ್ಲ ಮಳೆಯದೇ. ಮಳೆ ಅಳೆಯಲು ಬೇಕಾದ್ದು ನೇರ ಗೋಡೆಯ, ಸಪಾಟು ತಳದ ಒಂದು ಡಬ್ಬಿ ಮತ್ತು ಸ್ಕೇಲು. ಉಬ್ಬುತಗ್ಗು ತಳದ ಬಾಟಲಿ ಬೇಡ, ಅಳತೆ ತಪ್ಪುತ್ತದೆ. ಡಬ್ಬಿಯಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಎಕರೆಗೆ 4 ಸಾವಿರ ಲೀಟರ್ ಬಿತ್ತೆಂದು ಅರ್ಥ. ತಮ್ಮ ಅಳತೆಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಯೊಡನೆ ಹೋಲಿಸಬಹುದು. ಆ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಆದರೆ 2020ರ ಅಕ್ಟೋಬರಿನಲ್ಲಿ ಇಂಡಿ, ಸಿಂದಗಿಯ ಭೀಮಾ ತೀರ ಮುಳುಗಿದ್ದನ್ನು ಈ ಡಬ್ಬಿಯೊಂದೇ ವಿವರಿಸಲಾರದು. ಮಹಾರಾಷ್ಟ್ರದಲ್ಲಿ ಸುರಿದು, ಉಜನಿ, ವೀರ್ ಅಣೆಕಟ್ಟುಗಳಿಂದ ಇಳಿದು ಬಂದ ನೀರು ಅದು. ಹಾಗಾಗಿ ನದಿಯ ನಕ್ಷೆಯೂ ಗೋಡೆಯ ಮೇಲಿರಬೇಕು. ಒಂದು ಪ್ರವಾಹವನ್ನೇ ಹವಾಮಾನ ಬದಲಾವಣೆ ಎಂದುಬಿಡುವುದೂ ಸಲ್ಲ. ಹವಾಮಾನವೆಂದರೆ ಮೂವತ್ತು ವರ್ಷದ ಸರಾಸರಿ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ತೇವ ಹಿಡಿಯಬಲ್ಲದು, ಹಾಗಾಗಿ ಮಳೆ ಸುರಿದಾಗ ಜೋರಾಗಿ ಸುರಿಯುತ್ತದೆ.

ಕಂಪ್ಯೂಟರ್ ಇರುವ ಶಾಲೆಗಳು ಇದಾದ ಮೇಲೆ ಎನ್-ರೋಡ್ಸ್ ತೆರೆಯಲಿ. ಕ್ಲೈಮೇಟ್ ಇಂಟರ್‌ಆಕ್ಟಿವ್ ಸಂಸ್ಥೆ ಮತ್ತು ಎಂಐಟಿಯವರು ರೂಪಿಸಿದ ಉಚಿತ ಮಾದರಿ ಅದು. ಕಲ್ಲಿದ್ದಲಿನ ಮೇಲೆ ತೆರಿಗೆ ಏರಿಸಿ, ಮರ ನೆಟ್ಟು, ಶತಮಾನದ ಕೊನೆಗೆ ಜಗತ್ತಿನ ಉಷ್ಣತೆ ಎಷ್ಟಾದೀತೆಂದು ತಕ್ಷಣ ನೋಡಬಹುದು. ಮರ ನೆಟ್ಟರೆ ಎಲ್ಲ ಸರಿಹೋದೀತೆಂಬ ನಮ್ಮ ಪರಿಸರ ದಿನದ ನಂಬಿಕೆ ಅಲ್ಲಿ ಬೇಗ ಕರಗುತ್ತದೆ. ಆದರೆ ಅದು ಇಡೀ ಜಗತ್ತಿನ ಲೆಕ್ಕ. ಯೂನಿಟ್ಟು ಎಂದರೇನೆಂದು ತಿಳಿಯದ ಮಗುವಿಗೆ ಮೊದಲೇ ತೋರಿಸಿದರೆ ಅದೊಂದು ಆಟವಾಗಿ ಉಳಿಯುತ್ತದೆ.

ಪಾಲಕರಲ್ಲಿ ಒಂದು ವಿನಂತಿ: ಈ ತಿಂಗಳ ಬಿಲ್ಲಿನಲ್ಲಿ ಸೊನ್ನೆ ಕಂಡಿತೆಂದು ಎಸೆಯಬೇಡಿ, ಮಗುವಿನ ನೋಟ್‌ಬುಕ್ಕಿನಲ್ಲಿಟ್ಟು ಶಾಲೆಗೆ ಕಳಿಸಿ.